ಕಡ್ಡಿ ಹೊಸೆಯುವ ಕೈಗೆ ಕತ್ತರಿ
ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. ಆದರೆ ಮೈಸೂರಿನ ರಾಜೀವನಗರದಂಥ ಬಡಾವಣೆಗಳಲ್ಲಿ ಮಣೆಯ ಮುಂದೆ ಕೂತು, ಬಿದಿರು ಕಡ್ಡಿಗೆ ಇದ್ದಿಲ ಮಸಾಲೆ ಹೊಸೆದು ಅಂಗೈ ಕಪ್ಪಾಗಿಸಿಕೊಂಡ ಹೆಣ್ಣುಮಕ್ಕಳಿಗೆ ಸಿಗುವುದು ಸಾವಿರ ಕಡ್ಡಿಗೆ ಇಷ್ಟು ಎಂಬ ಕೂಲಿಯಷ್ಟೇ. ಗಂಡನನ್ನು ಕಳೆದುಕೊಂಡವರು, ಗಂಡ ಬಿಟ್ಟುಹೋದವರು ಇದನ್ನೂ ಬಿಡಲಾರರು. ಮಗುವನ್ನು ಕಣ್ಣೆದುರು ಇಟ್ಟುಕೊಂಡು ಮಾಡಬಹುದಾದ ಕೆಲಸ ಬೇರೆಲ್ಲಿದೆ? ಇವರಿಗೆ ಬೇರೆ ದುಡಿಮೆಯ ದಾರಿ ತೋರಲು ಹೊಲಿಗೆ ತರಬೇತಿ ನಡೆಸುವವರು ಮೊದಲು ಯೋಚಿಸಬೇಕಾದ್ದು ಇದನ್ನೇ. ತರಬೇತಿಗೆ ಹೋಗಿಬರಲು 2023ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ, ಅದು ನಿಜವಾಗಿಯೂ ದೊಡ್ಡ ನೆರವು. ಜೊತೆಗೆ ತರಬೇತಿಯ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ನೆರೆಮನೆಯೂ ಹೊಲಿಗೆ ಯಂತ್ರಕ್ಕೆ ಸ್ವಸಹಾಯ ಸಂಘದ ಸಾಲವೂ ಬೇಕು. ರವಿಕೆಯ ಕಂಕುಳ ಅಳತೆ ತಪ್ಪದಂತೆ ಕತ್ತರಿಸುವುದನ್ನು ಕಲಿಸಿದ ಮೇಲೆ, ಲೈನಿಂಗ್, ಹುಕ್ಕು, ದಾರದ ಖರ್ಚು ಸೇರಿಸಿ ಹೊಲಿಗೆಗೆ ಎಷ್ಟು ಕೇಳಬೇಕೆಂಬುದನ್ನೂ ಕಲಿಸಲಿ.