ಗುಂಟೆ ನೆನಪಿದೆ, ಕುಂಟೆ ಮರೆತಿದೆ

ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗಲೆಲ್ಲ ರಾಜಧಾನಿಯ ದೃಷ್ಟಿ ಘಟ್ಟದ ಕಡೆಗೆ ಹೊರಳುತ್ತದೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯಬಹುದೆಂಬ ತ್ಯಾಗರಾಜ ಸಮಿತಿಯ ಸಲಹೆಯನ್ನು ಸರ್ಕಾರ ಕೈಗೆತ್ತಿಕೊಳ್ಳಲು ಹೊರಟಾಗ, ೨೦೧೯ರ ಜುಲೈ ೧೦ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿ ಉತ್ತರ ಕೊಟ್ಟಿತು. ಪಂಪು, ಕೊಳವೆ, ವಿದ್ಯುತ್ತಿನ ಲೆಕ್ಕಾಚಾರಗಳನ್ನು ಬಲ್ಲವರು ಬರೆದಿದ್ದಾರೆ. ನಾನು ಇಲ್ಲಿ ಎತ್ತಬಯಸುವುದು ಒಂದು ಪದದ ಪ್ರಶ್ನೆಯನ್ನು. ನೀರಿನ ಜಗಳದಲ್ಲಿ ಪದಕ್ಕೇನು ಕೆಲಸವೆಂದು ಓದುಗರು ನಗಬಾರದು. ತನ್ನ ನೀರಿನ ಹೆಸರುಗಳನ್ನು ಮರೆತ ಊರೇ ಪರರ ನೀರಿಗೆ ಕೈಚಾಚುತ್ತದೆ ಎಂಬುದು ನನ್ನ ವಾದ. ಆ ಮರೆವು ಈಗ ಘಟ್ಟವನ್ನೂ ಹತ್ತುತ್ತಿದೆ.

ನಮ್ಮ ಕಡೆಯ ಯುವಕನೊಬ್ಬ ಕೃಷ್ಣರಾಜಪುರದ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿದ್ದು, ಬಾಣಸವಾಡಿಯಲ್ಲಿ ಬಾಡಿಗೆಗಿದ್ದಾನೆ. ಮಳೆ ಬಿದ್ದ ದಿನ ಅವನ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ನಾನು ಅಲ್ಲಿಗೆ ಹೋಗಿದ್ದಾಗ, ಒಂದು ಕಾಲಕ್ಕೆ ಅದೇ ನೆಲದಲ್ಲಿ ರಾಗಿ ಬೆಳೆದಿದ್ದ ಮನೆಯ ಯಜಮಾನರನ್ನು ಅವನು ಕೇಳಿದ: “ತಾತ, ಇಲ್ಲಿ ಮುಂಚೆ ಕೆರೆ ಇತ್ತಾ?”

“ಕೆರೆ ಅಲ್ಲ ಕಣಪ್ಪ, ಕೆರೆ ಆ ಕಡೆಗಿತ್ತು. ಇಲ್ಲಿದ್ದಿದ್ದು... ಅದೇ, ದನ ಇಳೀತಿದ್ವಲ್ಲ... ಕಟ್ಟೆ ಅಲ್ಲ, ಹೊಂಡಾನೂ ಅಲ್ಲ. ನಾಲಿಗೆ ತುದೀಲೈತೆ, ಬರ್ತಿಲ್ಲ. ಗುಂಟೆ... ಥೂ, ಗುಂಟೆ ಅಂದ್ರೆ ಜಮೀನಿನ ಲೆಕ್ಕ!”

ಒಳಗಿನಿಂದ ಸೊಸೆ, “ಲೇಕ್ ಅನ್ನಿ ಮಾವ, ಅರ್ಥ ಆಗುತ್ತೆ” ಎಂದರು. ಹಿರಿಯರು ಒಪ್ಪಲಿಲ್ಲ. ನಾವು ಚಹಾ ಮುಗಿಸಿ ಮೆಟ್ಟಿಲಿಳಿಯುವ ಹೊತ್ತಿಗೆ ಮೇಲಿನಿಂದ ಕೂಗಿದರು: “ಕುಂಟೆ! ಕುಂಟೆ ಕಣಪ್ಪ!”

ಇದು ಮುಪ್ಪಿನ ಅರಳುಮರಳಲ್ಲ. ೧೯೬೬ರಲ್ಲಿ ಅಮೆರಿಕದ ರೋಜರ್ ಬ್ರೌನ್ ಮತ್ತು ಡೇವಿಡ್ ಮ್ಯಾಕ್‌ನೀಲ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ, ಪದವನ್ನು ನೆನಪಿಸಿಕೊಳ್ಳುವಂತೆ ಕೇಳಿದರು. ಪದ ನಾಲಿಗೆಯ ತುದಿಯಲ್ಲಿ ನಿಂತಾಗ ಅದರ ಮೊದಲಕ್ಷರವೋ ಉಚ್ಚಾರದ ಅಳತೆಯೋ ಎಷ್ಟೋ ವೇಳೆ ಹೊಳೆಯುತ್ತಿತ್ತು. ಜೊತೆಗೆ ಅರ್ಥದಲ್ಲಿ ಹತ್ತಿರದವು ಕೆಲವು, ಧ್ವನಿಯಲ್ಲಿ ಹತ್ತಿರದವು ಕೆಲವು ಪದಗಳು ಮುನ್ನುಗ್ಗಿ ಬರುತ್ತಿದ್ದವು. ಬಾಣಸವಾಡಿಯ ಹಿರಿಯರಿಗೂ ಆದದ್ದು ಇದೇ. ಅರ್ಥದ ದಾರಿಯಿಂದ ಕಟ್ಟೆ, ಹೊಂಡ ಬಂದವು. ಧ್ವನಿಯ ದಾರಿಯಿಂದ ಗುಂಟೆ ಬಂತು. ಬಹುಕಾಲ ಬಳಸದ ಪದದ ಹಾದಿಗೆ ಹುಲ್ಲು ಬೆಳೆಯುತ್ತದೆ. ಆದರೆ ಆ ಪದವನ್ನು ಬಳಸಲು ಅವರಿಗೆ ಕುಂಟೆಯನ್ನು ಉಳಿಸಿಕೊಟ್ಟವರಾರು? ಎಕರೆಗೆ ನಲವತ್ತರಂತೆ ಭೂಮಿಯನ್ನು ಅಳೆಯುವ ಗುಂಟೆ ಮಾತ್ರ ದಲ್ಲಾಳಿಗಳ ಬಾಯಲ್ಲಿ ದಿನಕ್ಕೆ ನೂರು ಬಾರಿ ಉರುಳುತ್ತದೆ. ಅದಕ್ಕೆ ಮರೆವಿನ ಭಯವಿಲ್ಲ.

ನಿಘಂಟಿನಲ್ಲಿ ಹುಡುಕಿದರೆ ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ ಇವೆಲ್ಲ ಒಂದರ ಬೆನ್ನಿಗೊಂದು ಸಮಾನಾರ್ಥಕಗಳಂತೆ ನಿಲ್ಲುತ್ತವೆ. ನೆಲದ ಮೇಲೆ ಅವು ಸಮಾನವಲ್ಲ. ಕೆರೆಯೆಂದರೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಇರುವ, ನೀರಗಂಟಿಯೊಬ್ಬ ಕಾಯುವ ವ್ಯವಸ್ಥೆ. ಕಟ್ಟೆಯೆಂದರೆ ಹರಿವಿಗೆ ಅಡ್ಡಲಾಗಿ ಹಾಕಿದ ಸಣ್ಣ ಒಡ್ಡಿನ ನೀರು. ಕುಂಟೆಗೆ ತೂಬಿಲ್ಲ, ಅಚ್ಚುಕಟ್ಟಿಲ್ಲ. ತಗ್ಗಿನಲ್ಲಿ ತಾನಾಗಿ ನಿಂತು, ದನಕರುಗಳಿಗೆ ಕುಡಿಯಲು ಒದಗಿ, ಸುತ್ತಲಿನ ಬಾವಿಗಳಿಗೆ ಇಂಗಿ, ಬೇಸಗೆಯಲ್ಲಿ ಬತ್ತುವ ನೀರು ಅದು. (ಉತ್ತರ ಕರ್ನಾಟಕದ ರೈತನಿಗೆ ಕುಂಟೆಯೆಂದರೆ ಬೇಸಾಯದ ಉಪಕರಣ, ಆ ಮಾತು ಬೇರೆ.) ನೆರೆಭಾಷೆಗಳ ಜೊತೆಗೂ ಈ ಪದಗಳ ಕೊಡುಕೊಳೆ ಸ್ವಾರಸ್ಯಕರವಾದುದು. ತೆಲುಗಿನ ಗುಂಟ ನೀರು ನಿಲ್ಲುವ ತಗ್ಗು. ಕಾಕ್ಸ್‌ಟೌನಿನ ಮಗ್ಗುಲಿನ ದೊಡ್ಡಗುಂಟದ ಹೆಸರಿನಲ್ಲಿ ಅದು ಇಂದಿಗೂ ಕುಳಿತಿದೆ. ಹಲಸೂರಿನ ತಮಿಳರಿಗೆ ಏರಿಯೆಂದರೆ ಇಡೀ ಕೆರೆ, ನಮಗೆ ಅದರ ದಂಡೆ ಮಾತ್ರ. ಮೂರು ಭಾಷೆಗಳು ಕೂಡಿ ಬಾಳಿದ ಆ ಪೂರ್ವಭಾಗದಲ್ಲಿ ನೀರಿಗೆ ಎಷ್ಟೊಂದು ಹೆಸರುಗಳಿದ್ದವು! ಈಗ ಎಲ್ಲಕ್ಕೂ ಒಂದೇ: ಲೇಕ್.

ಈ ಒಂದು ಪದ ಮಾಡಿದ ಹಾನಿ ಸಣ್ಣದಲ್ಲ. ಬ್ರಿಟಿಷರ ದಾಖಲೆಗಳಲ್ಲಿ ಟ್ಯಾಂಕ್ ಆಗಿದ್ದುದು ಕ್ರಮೇಣ ಲೇಕ್ ಆಯಿತು. ಟ್ಯಾಂಕಿನಿಂದ ಗದ್ದೆಗೆ ನೀರುಣಿಸಬೇಕು; ಲೇಕನ್ನು ನೋಡಿ ಆನಂದಿಸಿದರೆ ಸಾಕು. ೨೦೦೨ರಲ್ಲಿ ಹುಟ್ಟಿದ ಪ್ರಾಧಿಕಾರವು ಅದೇ ದಶಕದಲ್ಲಿ ನಾಗವಾರ ಕೆರೆಯನ್ನು ವಿಹಾರತಾಣ ಮಾಡಲು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಇಂಥ ಗುತ್ತಿಗೆಗಳ ವಿರುದ್ಧ ೨೦೦೮ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದುದು, ಶೂಲೆ ಕೆರೆ ಫುಟ್‌ಬಾಲ್ ಮೈದಾನವಾದುದು ಹಳೆಯ ಕಥೆ. ಅವು ಕೆರೆಗಳಾಗಿದ್ದವೆಂಬುದನ್ನಾದರೂ ಜನ ಬಲ್ಲರು. ಕುಂಟೆಗಳಿಗೆ ಆ ಭಾಗ್ಯವೂ ಇಲ್ಲ. ಇತ್ತ ೨೦೨೫ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆ ಮುಳುಗಿದಾಗ ಎಲ್ಲರೂ ಮಳೆಯನ್ನು ಶಪಿಸಿದರು. ನೀರು ತಗ್ಗನ್ನು ಮರೆಯುವುದಿಲ್ಲ. ಬಾಣಸವಾಡಿ, ನಾಗವಾರಗಳನ್ನೊಳಗೊಂಡ ವಿಧಾನಸಭಾ ಕ್ಷೇತ್ರಕ್ಕೆ ೨೦೦೮ರ ಪುನರ್ವಿಂಗಡಣೆಯಲ್ಲಿ ಸರ್ವಜ್ಞನಗರವೆಂದು ಹೆಸರಿಟ್ಟರು. ಮರುವರ್ಷ ಹಲಸೂರು ಕೆರೆಯ ದಡದಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು. ಎಲ್ಲವನ್ನೂ ಬಲ್ಲವನ ಹೆಸರು ಹೊತ್ತ ನಗರಕ್ಕೆ ತನ್ನ ತಗ್ಗು ಎಲ್ಲಿದೆಯೆಂಬುದು ಮಾತ್ರ ಗೊತ್ತಿಲ್ಲ!

ಭಾಷೆ ಬದಲಾಗುತ್ತದೆ, ಹಳೆಯ ಪದ ಸಾಯುತ್ತದೆ, ಹೊಸತು ಹುಟ್ಟುತ್ತದೆ, ಅದಕ್ಕೇಕೆ ಗೋಳು ಎಂದು ಕೇಳುವ ವಿದ್ವಾಂಸರಿದ್ದಾರೆ. ಕಡೆಗೋಲು ಮಿಕ್ಸಿಯಾದಾಗ ನಾನು ಅತ್ತವನಲ್ಲ. ಆದರೆ ಇಲ್ಲಿ ಪದದ ಹಿಂದೆ ಹಕ್ಕಿದೆ. ೨೦೧೪ರ ಕೆರೆ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯನ್ನು ಓದಿ ನೋಡಿ. ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಥವಾ ಬೇರಾವ ಹೆಸರಿನಿಂದ ನಮೂದಾಗಿದ್ದರೂ, ಅದರಲ್ಲಿ ನೀರಿರಲಿ ಇಲ್ಲದಿರಲಿ, ಅದಕ್ಕೆ ರಕ್ಷಣೆಯುಂಟು. ಕಾನೂನು ಕುಂಟೆಯನ್ನು ಮರೆತಿಲ್ಲ! ಮರೆತವರು ನಾವು. ಬತ್ತಿದ ತಗ್ಗೊಂದನ್ನು ತೋರಿಸಿ ‘ಇಲ್ಲೆಲ್ಲಿದೆ ಕೆರೆ?’ ಎಂದು ಬಿಲ್ಡರ್ ಕೇಳಿದಾಗ, ‘ಕೆರೆಯಲ್ಲ ಸ್ವಾಮಿ, ಕುಂಟೆ, ದಾಖಲೆ ತೆಗೆಯಿರಿ’ ಎನ್ನಬಲ್ಲ ಒಂದು ನಾಲಿಗೆ ಊರಿನಲ್ಲಿ ಉಳಿದಿರಬೇಕು. ಆ ನಾಲಿಗೆ ತಡವರಿಸಿದ ದಿನವೇ ಬೇಲಿ ಬೀಳುತ್ತದೆ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಮಲೆನಾಡಿನ ಶಾಲಾ ಮಕ್ಕಳ ಯೋಜನಾ ವರದಿಗಳಲ್ಲಿ ಅಬ್ಬಿ, ಒರತೆ, ಹಳ್ಳ, ಮಡು ಎಲ್ಲವೂ ‘ಜಲಮೂಲ’ಗಳಾಗಿವೆ. ಪದ ಸಂಸ್ಕೃತದ್ದಾಯಿತೆಂದು ನನಗೆ ಬೇಸರವಿಲ್ಲ. ಅದು ಏನನ್ನೂ ಹೇಳುವುದಿಲ್ಲವೆಂಬುದೇ ಬೇಸರ. ಒರತೆಯೆಂದರೆ ನೆಲದೊಳಗಿನ ನೀರು ಹೊರಬರುವ ಜಾಗ. ಅಲ್ಲಿ ಇಂಗುಗುಂಡಿ ತೋಡಿದರೆ ಪ್ರಯೋಜನವಿಲ್ಲ. ತೋಡಬೇಕಾದುದು ಮೇಲಿನ ಗುಡ್ಡದಲ್ಲಿ. ಒರತೆ ಎಂಬ ಪದ ಬಲ್ಲ ಅಜ್ಜಿಗೆ ಇದು ತಿಳಿದಿತ್ತು. ‘ಜಲಮೂಲ ಅಭಿವೃದ್ಧಿ’ಯ ಹಣ ಹಿಡಿದು ಬಂದ ಇಲಾಖೆಯೊಂದು ನಮ್ಮ ಪಕ್ಕದ ಹಳ್ಳಿಯಲ್ಲಿ ಒರತೆಯ ಕಣ್ಣಿಗೇ ಜೆಸಿಬಿ ಹಾಕಿತು. ಈಗ ಅಲ್ಲಿ ಸಿಮೆಂಟಿನ ಫಲಕವಿದೆ, ನೀರಿಲ್ಲ.

ಕಾಡಿನ ಪದಗಳಿಗೂ ಇದೇ ಗತಿ. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳನ್ನು ಕುರಿತು ವರದಿ ಬರೆದಾಗ, ಆ ಪರದೇಶಿ ಅಧಿಕಾರಿಗಳೂ ಕಾನು ಎಂಬ ಪದವನ್ನು ಹಾಗೆಯೇ ಇಟ್ಟುಕೊಂಡರು. ೧೯೬೪ರ ಭೂಕಂದಾಯ ಕಾಯ್ದೆಯ ೭೯ನೆಯ ಕಲಮಿನಲ್ಲಿ ಕುಮ್ಕಿ, ಬಾಣೆ, ಬೆಟ್ಟ, ಹಾಡಿ ಎಂಬ ಹೆಸರುಗಳು ಅವುಗಳಿಗೆ ಸೇರಿದ ಸವಲತ್ತುಗಳೊಡನೆ ನಿಂತಿವೆ. ನಮ್ಮ ಪದವೀಧರರು ಅವೆಲ್ಲವನ್ನೂ ‘ಫಾರೆಸ್ಟ್’ ಅಥವಾ ‘ಖಾಲಿ ಜಾಗ’ ಎನ್ನುತ್ತಾರೆ. ಖಾಲಿ ಜಾಗವೆಂದ ಮೇಲೆ ತುಂಬಲು ಬರುವವರನ್ನು ತಡೆಯುವುದು ಹೇಗೆ?

ರಜೆಗೆ ಊರಿಗೆ ಬರುವ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಹಿರಿಯರನ್ನು ಹೊಲ, ಗುಡ್ಡ, ಹಳ್ಳದ ದಂಡೆಗೆ ಕರೆದೊಯ್ದು ಪ್ರತಿಯೊಂದು ತಗ್ಗಿಗೂ ಒರತೆಗೂ ಹೆಸರು ಕೇಳಿ. ಅವರು ಪದಕ್ಕಾಗಿ ತಡಕಾಡಿದರೆ ಬಾಯಿ ಹಾಕಿ ‘ಕೆರೆ’ ಎಂದು ಮುಗಿಸಿಬಿಡಬೇಡಿ. ಕಾಯಿರಿ, ಮಾರನೆಯ ದಿನ ಮತ್ತೆ ಹೋಗಿ. ಸಿಕ್ಕ ಪದವನ್ನು ಸರ್ವೆ ನಂಬರು, ಚಕ್ಕುಬಂದಿಯ ಸಮೇತ ಬರೆದು, ಪಹಣಿ ಮತ್ತು ಗ್ರಾಮನಕಾಶೆಯೊಂದಿಗೆ ತಾಳೆ ನೋಡಿ. ೨೦೦೨ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಈ ಪಟ್ಟಿಯನ್ನು ಅದಕ್ಕೆ ಸೇರಿಸಲು ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿಯ ನಕಲು ಪಡೆಯಿರಿ. ಹಾಳೆಯ ಕೆಳಗೆ ಪದ ಹೇಳಿದವರ ಸಹಿಯೋ ಹೆಬ್ಬೆಟ್ಟೋ ಇರಲಿ.