ಬಾಯಾಡಿಸಿದರೆ ಹಾಡಾದೀತೆ?

ನಮ್ಮ ಸಂಘದ ಯುವ ವಿಭಾಗದ ಮಕ್ಕಳು ಈ ಸಲದ ವಾರ್ಷಿಕೋತ್ಸವಕ್ಕೆ ‘ಸದಾರಮೆ’ ಆಡಲು ಹೊರಟಿರುವ ಸಂಗತಿ ವಾಚಕ ಬಂಧುಗಳಿಗೆ ತಿಳಿದೇ ಇದೆ. ತಿಳಿಯದ ಸಂಗತಿ ಇನ್ನೊಂದಿದೆ. ಕಳೆದ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲಿ ನಾಟಕಕ್ಕೆ ಒಪ್ಪಿಗೆಯೇನೋ ದೊರೆಯಿತು; ಆದರೆ ಅದರ ಬಾಲಕ್ಕೆ ಒಂದು ಷರತ್ತನ್ನು ಕಟ್ಟಲಾಯಿತು. ಹಾಡುಗಳನ್ನೆಲ್ಲ ಬೆಂಗಳೂರಿನ ನುರಿತ ಗಾಯಕರಿಂದ ಹಾಡಿಸಿ, ಮುದ್ರಿಸಿ ತರಿಸಬೇಕು. ನಮ್ಮ ಮಕ್ಕಳು ರಂಗದ ಮೇಲೆ ನಿಂತು ಅದಕ್ಕೆ ಸರಿಯಾಗಿ ತುಟಿ ಆಡಿಸಬೇಕು. ಹಾಗಾದರೆ ಮಾತ್ರ ಸಭಾಗೃಹ, ಹಾಗಾದರೆ ಮಾತ್ರ ಹಣ.

ಮಕ್ಕಳು ಇದಕ್ಕೆ ಒಪ್ಪಿಲ್ಲ. ಯುಗಾದಿಯಿಂದ ಪ್ರತಿ ರವಿವಾರ ಡೊಂಬಿವಲಿಯಿಂದ, ಘಾಟ್ಕೋಪರದಿಂದ, ವಸಾಯಿಯಿಂದ ಲೋಕಲ್ ಗಾಡಿ ಹಿಡಿದು ಬಂದು ಹಾಡು ಕಲಿತವರು ಅವರು. ‘ಹಾಡದಿದ್ದರೆ ಆಡುವುದೂ ಇಲ್ಲ’ ಎಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದಾರೆ. ಇದನ್ನು ಹುಡುಗರ ಹಟವೆಂದು ಕರೆದವರಿದ್ದಾರೆ. ನಾವು ಹಾಗೆ ಕರೆಯಲಾರೆವು. ಈ ಜಗಳದಲ್ಲಿ ನ್ಯಾಯ ಮಕ್ಕಳ ಕಡೆಗಿದೆ. ಷರತ್ತು ಹಾಕಿದ ಹಿರಿಯರು ತಪ್ಪಿದ್ದಾರೆ. ಇದನ್ನು ಮುಚ್ಚುಮರೆಯಿಲ್ಲದೆ ಹೇಳುವುದಕ್ಕೇ ಈ ಬರಹ.

ಮೊದಲು ನಾಟಕದ ಮಾತು. ‘ಸದಾರಮೆ’ ಇಂದು ನಿನ್ನೆಯದಲ್ಲ. ಗುಬ್ಬಿ ಕಂಪನಿ ಊರೂರಿಗೆ ಹೊತ್ತು ತಿರುಗಿದ ನಾಟಕವದು. ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ನಾಡನ್ನೇ ನಗಿಸಿದರು. 1935ರಲ್ಲಿ, ಕನ್ನಡ ಚಿತ್ರಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ, ಅದು ಬೆಳ್ಳಿತೆರೆಗೂ ಏರಿತು. ವೀರಣ್ಣನವರು 1972ರಲ್ಲಿ ತೀರಿಕೊಂಡರು, ನಾಟಕ ತೀರಲಿಲ್ಲ. ಮೊಮ್ಮಗಳು ಬಿ. ಜಯಶ್ರೀ ತಮ್ಮ ‘ಸ್ಪಂದನ’ ತಂಡದಿಂದ ಅದನ್ನು ಮತ್ತೆ ರಂಗಕ್ಕೆ ತಂದು, ಅಜ್ಜನ ಆ ಕಳ್ಳನ ಪಾತ್ರವನ್ನು ತಾವೇ ಧರಿಸಿ, ಕಂಪನಿ ನಾಟಕವೆಂದರೆ ಮೂಗು ಮುರಿಯುತ್ತಿದ್ದ ಹೊಸ ಕಾಲದ ಪ್ರೇಕ್ಷಕರಿಂದಲೂ ಚಪ್ಪಾಳೆ ಗಿಟ್ಟಿಸಿದರು. ಕಾಡಿನಲ್ಲಿ ಕಳ್ಳನ ಕೈಗೆ ಸಿಕ್ಕಿಬಿದ್ದ ಹೆಣ್ಣೊಬ್ಬಳು ಯಾರ ಹಂಗೂ ಇಲ್ಲದೆ, ತನ್ನ ಬುದ್ಧಿಯೊಂದರ ಬಲದಿಂದ ಪಾರಾಗಿ, ಗಂಡುವೇಷ ತೊಟ್ಟು ತನ್ನ ಬಾಳನ್ನು ತಾನೇ ನೇರ್ಪಡಿಸಿಕೊಳ್ಳುವ ಕಥೆ ಅದು. ಅದನ್ನು ‘ಹಳಸಲು’ ಎಂದವರು ನಾಟಕವನ್ನು ಓದಿಲ್ಲವೆಂದೇ ನಮ್ಮ ಅನುಮಾನ.

ಇಂಥ ನಾಟಕದಲ್ಲಿ ಹಾಡೆಂದರೆ ಊಟದ ಎಲೆಯ ಮೇಲಿನ ಉಪ್ಪಿನಕಾಯಿಯಲ್ಲ, ಅನ್ನವೇ ಅದು. ಮಾತು ನಿಂತಲ್ಲಿ ಹಾಡು ಹುಟ್ಟುತ್ತದೆ. ಹಾಡು ಮುಗಿದಲ್ಲಿ ಮಾತು ಎತ್ತಿಕೊಳ್ಳುತ್ತದೆ. ಎರಡೂ ಒಂದೇ ಗಂಟಲಿನಿಂದ ಬರಬೇಕು. ಮಾತು ಡೊಂಬಿವಲಿಯ ಹುಡುಗಿಯದು, ಹಾಡು ಬೆಂಗಳೂರಿನ ಸ್ಟುಡಿಯೋದ ಗಾಯಕಿಯದು ಎಂದಾದರೆ, ಪ್ರೇಕ್ಷಕನಿಗೆ ಸದಾರಮೆಯರು ಇಬ್ಬರಾಗುತ್ತಾರೆ. ಇಬ್ಬರಲ್ಲಿ ಯಾರ ದುಃಖಕ್ಕೆ ಅವನು ಮರುಗಬೇಕು?

ಇನ್ನು ಹಿರಿಯರ ಆಕ್ಷೇಪಣೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ‘ಸಿನಿಮಾದಲ್ಲಿ ಎಂತೆಂಥ ನಟರಿಗೇ ಬೇರೆಯವರು ಹಾಡಲಿಲ್ಲವೇ? ಡಾ. ರಾಜಕುಮಾರರಿಗೇ ಪಿ.ಬಿ. ಶ್ರೀನಿವಾಸರು ಹಾಡಲಿಲ್ಲವೇ?’ ಹಾಡಿದರು, ಸೊಗಸಾಗಿಯೇ ಹಾಡಿದರು. ಆದರೆ ಸಿನಿಮಾದ ಪರದೆಯ ಮೇಲಿರುವುದು ನೆರಳು. ನೆರಳಿಗೆ ಯಾರ ದನಿ ಕೂಡಿಸಿದರೂ ನಡೆದೀತು. ರಂಗದ ಮೇಲೆ ನಿಂತಿರುವುದು ಮೈ ಬೆವರುವ ಮನುಷ್ಯ. ಅಲ್ಲದೆ, ಉದಾಹರಣೆ ಕೊಟ್ಟವರು ಅರ್ಧ ಕಥೆಯನ್ನಷ್ಟೇ ಹೇಳಿದ್ದಾರೆ. ರಾಜಕುಮಾರರು ಚಿತ್ರಗಳಿಗೆ ಬರುವ ಮುನ್ನ ಗುಬ್ಬಿ ಕಂಪನಿಯ ರಂಗದ ಮೇಲೆ ಹಾಡಿಯೇ ಪಳಗಿದವರು. 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ಅವರು ತಮ್ಮ ಚಿತ್ರಗಳಿಗೆ ತಾವೇ ಹಾಡತೊಡಗಿದಾಗ ಕನ್ನಡಿಗರು ಬೇಡವೆಂದರೇ? ನಟ ತಾನೇ ಹಾಡಿದನೆಂದು ಹಿಗ್ಗಿದರು.

ಎರಡನೆಯದು: ‘ಈ ಮಕ್ಕಳ ಕನ್ನಡ ಶುದ್ಧವಲ್ಲ, ಅದನ್ನು ಹಾಡಿನಲ್ಲಿ ಬೇರೆ ಕೇಳಬೇಕೆ?’ ಈ ಮಾತನ್ನು ಕೇಳಿ ನಮಗೆ ನಿಜವಾಗಿ ನೋವಾಯಿತು. ಈ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಕನ್ನಡ ಆಡಬಲ್ಲರು, ಓದಲಾರರು. ನಾಟಕದ ಮಾತನ್ನು ದೇವನಾಗರಿಯಲ್ಲಿ ಬರೆದುಕೊಂಡು ಉರುಹೊಡೆಯುತ್ತಾರೆ. ಮರಾಠಿಯ ಬರವಣಿಗೆಯಲ್ಲಿ ನಮ್ಮ ಹ್ರಸ್ವ ‘ಎ’ಕಾರ, ‘ಒ’ಕಾರಗಳಿಗೆ ಬೇರೆ ಗುರುತಿಲ್ಲ. ಹೀಗಾಗಿ ಬೆಳೆ, ಬೇಳೆ ಎರಡೂ ಒಂದೇ ಆಗುತ್ತವೆ. ಕೊಡು, ಕೋಡು ಆಗುತ್ತದೆ. ಇದು ಅವರ ತಪ್ಪೆ? ಓದಲು ಕಲಿಸದ ತಪ್ಪು ಯಾರದು? ಆದರೆ ನಾವು ತಾಲೀಮಿಗೆ ಹೋಗಿ ಕುಳಿತು ಕಂಡದ್ದನ್ನು ಇಲ್ಲಿ ಹೇಳಬೇಕು. ಮಾತಿನಲ್ಲಿ ಜಾರಿಹೋಗುವ ಈ ಹ್ರಸ್ವ-ದೀರ್ಘಗಳನ್ನು ಹಾಡು ಹಿಡಿದು ನಿಲ್ಲಿಸುತ್ತದೆ. ಕಂದಪದ್ಯವೊಂದನ್ನು ಹೇಳುವಾಗ ಒಂದು ಮಾತ್ರೆ ಹೆಚ್ಚಾದರೆ ಓಟವೇ ಮುಗ್ಗರಿಸುತ್ತದೆ. ಹಾಡುವ ಹುಡುಗ ತಾನೇ ನಿಂತು, ‘ಎಲ್ಲಿ ತಪ್ಪಿತು?’ ಎಂದು ಕೇಳುತ್ತಾನೆ. ನಾಲ್ಕು ತಿಂಗಳ ಹಿಂದೆ ‘ಕೋಡು’ ಎನ್ನುತ್ತಿದ್ದವನು ಈಗ ‘ಕೊಡು’ ಎನ್ನುತ್ತಾನೆ. ನಮ್ಮ ಸಂಘ ಎಷ್ಟೋ ವರ್ಷ ನಡೆಸಿ, ಮಕ್ಕಳು ಬಾರದೆ ಮುಚ್ಚಿದ ಕನ್ನಡ ತರಗತಿ ಮಾಡಲಾರದ ಕೆಲಸವನ್ನು ಒಂದು ಹಾರ್ಮೋನಿಯಂ ಪೆಟ್ಟಿಗೆ ಮಾಡುತ್ತಿದೆ. ಹಾಡನ್ನು ಅವರ ಬಾಯಿಂದ ಕಿತ್ತುಕೊಂಡು, ಬರಿಯ ತುಟಿ ಆಡಿಸಿ ಎಂದರೆ ಆ ಪಾಠಶಾಲೆಗೂ ಬೀಗ ಜಡಿದಂತೆ.

ಮೂರನೆಯದು ಎಲ್ಲಕ್ಕೂ ಭಾರವಾದದ್ದು: ‘ಸುತ್ತಲಿನವರು ಮರಾಠಿ ಸಂಗೀತ ನಾಟಕ ಕೇಳಿದ ಕಿವಿಯವರು. ಅವರೆದುರು ನಮ್ಮ ಮಕ್ಕಳು ಅಪಸ್ವರ ಹಾಡಿದರೆ ಕನ್ನಡಕ್ಕೇ ಅವಮಾನ.’ ಮರ್ಯಾದೆಯ ಪ್ರಶ್ನೆ ಎತ್ತಿದ ಮೇಲೆ ಇತಿಹಾಸದ ಪುಟಗಳನ್ನೂ ತಿರುವೋಣ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಮೇಳವೊಂದು ಸಾಂಗಲಿಯ ಅರಸರೆದುರು ಆಟ ಆಡಿತು. ಅದನ್ನು ಕಂಡ ಅರಸರು ಇಂಥದು ಮರಾಠಿಯಲ್ಲೂ ಆಗಬೇಕೆಂದರು. ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮಹಾರಾಷ್ಟ್ರ ಇಂದಿಗೂ ನವೆಂಬರ್ 5ರಂದು ಆ ನೆನಪಿನಲ್ಲಿ ಮರಾಠಿ ರಂಗಭೂಮಿ ದಿನವನ್ನು ಆಚರಿಸುತ್ತದೆ. ನಾವು ನವೆಂಬರ್ 1ರಂದು ರಾಜ್ಯೋತ್ಸವದ ತೋರಣ ಕಟ್ಟಿ, ನಾಲ್ಕೇ ದಿನಗಳಲ್ಲಿ ಬರುವ ಆ ಹಬ್ಬದ ಬೇರಿನಲ್ಲಿ ನಮ್ಮ ಊರಿನ ಮಣ್ಣಿದೆಯೆಂಬುದನ್ನು ಮರೆಯುತ್ತೇವೆ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ರಂಗದ ಮೇಲೆ ಹಾಡಿ ಹೆಸರಾದ ಸವಾಯಿ ಗಂಧರ್ವರು ಕುಂದಗೋಳದವರು. ಋಣ ಒಂದೇ ಕಡೆಯದಲ್ಲ. ಮರಾಠಿ ಮಂಡಳಿಗಳು ಧಾರವಾಡದ ಕಡೆಗೆ ಬಂದು ರಂಜಿಸತೊಡಗಿದಾಗ, ನಮ್ಮಲ್ಲೂ ಇಂಥದಿರಬೇಕೆಂದು ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಹೀಗೆ ಕೊಟ್ಟು ತೆಗೆದುಕೊಂಡು ಬೆಳೆದ ಎರಡು ಮನೆಗಳು ಇವು.

ಮರಾಠಿಯವರು ಇಂದು ಏನು ಮಾಡುತ್ತಾರೆ? ಮಹಾರಾಷ್ಟ್ರ ಸರಕಾರದ ರಾಜ್ಯ ನಾಟ್ಯಸ್ಪರ್ಧೆಯಲ್ಲಿ ಸಂಗೀತ ನಾಟಕಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಹವ್ಯಾಸಿಗಳು ಅಲ್ಲಿ ಆರ್ಗನ್ನಿನ ಶ್ರುತಿಗೆ ತಮ್ಮದೇ ದನಿ ಕೂಡಿಸಿ ನಾಟ್ಯಪದ ಹಾಡುತ್ತಾರೆ. ಅವರಲ್ಲಿ ಎಲ್ಲರೂ ಬಾಲಗಂಧರ್ವರಲ್ಲ. ಅಪಸ್ವರ ಅಲ್ಲಿಯೂ ಬರುತ್ತದೆ, ಆದರೂ ಹಾಡುತ್ತಾರೆ. ಅಂಥವರ ನಡುವೆ ಎರವಲು ದನಿಗೆ ಬಾಯಾಡಿಸಿ ನಿಂತರೆ ಅದಲ್ಲವೇ ನಿಜವಾದ ಅವಮಾನ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗೊತ್ತು. ಆದರೆ ಹಿತ್ತಲ ಗಿಡವನ್ನು ಕಿತ್ತೆಸೆದು ಪ್ಲಾಸ್ಟಿಕ್ ಗಿಡ ನೆಡಿ ಎಂದವರನ್ನು ಈಗಲೇ ಕಂಡದ್ದು.

ನಾವು ಯಂತ್ರದ ಶತ್ರುಗಳಲ್ಲ. ಕಂಪನಿ ನಟರ ಹಾಗೆ ಕೊನೆಯ ಬೆಂಚಿಗೂ ಕೇಳುವಂತೆ ದನಿ ಎಸೆಯುವ ಸಾಧನೆ ಇಂದಿನವರಿಗಿಲ್ಲ. ಕೊರಳಿಗೆ ಮೈಕು ಕಟ್ಟಿಕೊಳ್ಳಲಿ. ರಾತ್ರಿಯಿಡೀ ಆಡುತ್ತಿದ್ದ ನಾಟಕವನ್ನು ಕೊನೆಯ ಲೋಕಲ್ ತಪ್ಪದಂತೆ ಎರಡೂವರೆ ಗಂಟೆಗೆ ಇಳಿಸಿದ್ದಾರೆ; ಅದೂ ಸರಿಯೇ. ದನಿಯನ್ನು ಹೊತ್ತೊಯ್ಯುವ ಯಂತ್ರ ಬೇರೆ, ದನಿಯ ಜಾಗವನ್ನೇ ಕಸಿಯುವ ಯಂತ್ರ ಬೇರೆ. ಮೊದಲನೆಯದು ಆಳು, ಎರಡನೆಯದು ಧಣಿ.

ಈ ಮಾತು ನಮಗೆ ಹೇಗೆ ತಿಳಿಯಿತೆಂದು ಯಾರಾದರೂ ಕೇಳಬಹುದು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ. ಈ ಸಂಘಕ್ಕೆ ಮೊದಲು ಟೇಪು ತಂದವರು ನಾವೇ.

1984ರ ಮಾತು. ಆಗ ನಾವೇ ಯುವ ವಿಭಾಗ. ನಮ್ಮ ನಾಟಕಗಳಿಗೆಲ್ಲ ಹಾರ್ಮೋನಿಯಂ ನುಡಿಸುತ್ತಿದ್ದವರು ಒಬ್ಬ ಮಾಸ್ತರರು. ಹಗಲು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ನಮ್ಮ ತಾಲೀಮು. ರಂಗದ ಮುಂದೆ ಕೆಳಗೆ ಕುಳಿತು, ಕಣ್ಣನ್ನು ನಮ್ಮ ತುಟಿಯ ಮೇಲೇ ನೆಟ್ಟಿರುತ್ತಿದ್ದರು. ನಾವು ಸಾಲು ಮರೆತರೆ ಅವರ ಬೆರಳು ಆ ಸಾಲನ್ನು ನುಡಿಸಿ ಮುಚ್ಚುತ್ತಿತ್ತು. ನೆಗಡಿಯಾದ ದಿನ ನಾವು ಕೇಳುವ ಮೊದಲೇ ಶ್ರುತಿಯನ್ನು ಒಂದು ಮನೆ ಇಳಿಸುತ್ತಿದ್ದರು. ಆ ವರ್ಷ ನಮಗೆ ಹೊಸತನದ ಹುಚ್ಚು ಹತ್ತಿತು. ಹಾಡುಗಳನ್ನು ಟೇಪಿನಲ್ಲಿ ತಂದೆವು. ಮಾಸ್ತರರಿಗೆ ಬರಬೇಡಿರೆಂದು ಹೇಳುವ ಧೈರ್ಯವೂ ನಮಗಿರಲಿಲ್ಲ. ಅವರು ಎಂದಿನಂತೆ ಬಂದರು. ತಮ್ಮ ಜಾಗದಲ್ಲಿ ಸ್ಪೀಕರು ಇರುವುದನ್ನು ನೋಡಿದರು. ಒಂದು ಮಾತೂ ಆಡದೆ ಹಿಂದಿನ ಸಾಲಿಗೆ ಹೋಗಿ ಕುಳಿತರು. ಎರಡನೆಯ ಅಂಕದಲ್ಲಿ ಟೇಪು ಸಿಕ್ಕಿಹಾಕಿಕೊಂಡಿತು. ನಾಯಿಕೆ ಬಾಯಿ ತೆರೆದು ನಿಂತಳು, ದನಿಯಿಲ್ಲ. ಜನ ಸಿಳ್ಳು ಹಾಕಿದರು. ಹಿಂದಿನ ಸಾಲಿನಲ್ಲಿ ಮಾಸ್ತರರ ಬೆರಳು ಮಾತ್ರ ತೊಡೆಯ ಮೇಲೆ ಆಡುತ್ತಿದ್ದವೆಂದು ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು. ಅಂದಿನಿಂದ ಅವರು ಸಂಘದ ಕಡೆ ಬರಲಿಲ್ಲ. ಕರೆಯಲು ನಾವೂ ಹೋಗಲಿಲ್ಲ.

ಸಿಕ್ಕಿಕೊಂಡ ಟೇಪನ್ನು ಸರಿಪಡಿಸಬಹುದು. ಇಂದಿನ ಯಂತ್ರಗಳು ಹಾಗೆ ಕೈಕೊಡಲಾರವು ಎಂದೂ ಹೇಳಬಹುದು. ಆದರೆ ನಮ್ಮ ನಷ್ಟ ಅದಲ್ಲ. ಮಾಸ್ತರರು ಹೋದ ಮೇಲೆ ಸಂಘದಲ್ಲಿ ಹಾಡು ಕಲಿಸುವವರು ಇಲ್ಲವಾದರು. ಕಲಿಸುವವರಿಲ್ಲದೆ ಹಾಡುವವರು ಇಲ್ಲವಾದರು. ಒಂದೇ ತಲೆಮಾರಿನಲ್ಲಿ ನಾವು ಹಾಡುವ ಸಂಘದಿಂದ ಕೇಳುವ ಸಂಘವಾದೆವು. ಇಂದು ‘ನಮ್ಮಲ್ಲಿ ಹಾಡುವವರು ಎಲ್ಲಿದ್ದಾರೆ?’ ಎಂದು ಕೇಳುವ ಹಿರಿಯರೇ, ಅವರನ್ನು ಇಲ್ಲವಾಗಿಸಿದವರು ನೀವೂ ನಾವೂ ಕೂಡಿಯೇ ಅಲ್ಲವೇ?

ಇನ್ನೊಂದು ಮಾತು. ಕಂಪನಿ ನಾಟಕದಲ್ಲಿ ಹಾಡು ಮನಸ್ಸಿಗೆ ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತೆಂದು ತಮಾಷೆ ಮಾಡುವುದುಂಟು. ಮಾಡಲಿ. ಆ ಕೂಗಿನಲ್ಲಿ ಕೇಳುವವನಿಗೂ ಹಾಡುವವನಿಗೂ ಒಂದು ನಂಟಿತ್ತು. ಮುದ್ರಿತ ಹಾಡಿಗೆ ಯಾರು ಒನ್ಸ್ ಮೋರ್ ಎಂದಾರು? ಎಂದರೂ ಅದಕ್ಕೆ ಕೇಳಿಸೀತೆ?

ಮಕ್ಕಳು ಚೆನ್ನಾಗಿಯೇ ಹಾಡುತ್ತಾರೆಂದು ನಾವು ಸುಳ್ಳು ಹೇಳುವುದಿಲ್ಲ. ಹನ್ನೆರಡು ಹಾಡುಗಳಲ್ಲಿ ಐದಾರು ಹಸನಾಗಿವೆ. ಮೂರು ನಡೆದೀತು ಎಂಬಂತಿವೆ. ಉಳಿದವು ಇನ್ನೂ ತಿದ್ದಬೇಕಾದವು. ಕಳ್ಳನ ಪಾತ್ರದ ಹುಡುಗನಿಗೆ ಮೇಲಿನ ಷಡ್ಜ ಇನ್ನೂ ಎಟುಕಿಲ್ಲ. ಅವನನ್ನೇ ಕೇಳಿದೆವು, ‘ಏನಪ್ಪಾ, ಜನ ನಕ್ಕರೆ?’ ಎಂದು. ಹುಬ್ಬಳ್ಳಿಯ ಕಡೆಯ ಮನೆಯವನು. ಅವನೆಂದ: ‘ಕಾಕಾ, ಕಳ್ಳನ ಪಾರ್ಟು, ನಗಲಿ ಬಿಡ್ರಿ. ಆದ್ರ ನನ್ನ ದನೀಗೇ ನಗಲಿ. ಇನ್ನೊಬ್ಬರ ದನೀಗೆ ಚಪ್ಪಾಳಿ ತಗೊಂಡು ನಾನೇನ್ ಮಾಡ್ಲಿ?’ ಈ ಪ್ರಶ್ನೆಗೆ ಕಾರ್ಯಕಾರಿ ಸಮಿತಿಯ ಬಳಿ ಉತ್ತರವಿದ್ದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಿ.

ಹಾಡುತ್ತಾ ಹಾಡುತ್ತಾ ರಾಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಹಾಡಗೊಡದೆ ರಾಗವನ್ನು ಕೇಳುವುದು ನ್ಯಾಯವಲ್ಲ.

ಆದ್ದರಿಂದ ಬರುವ ಸರ್ವಸದಸ್ಯರ ಸಭೆಯಲ್ಲಿ ನಾವು ಮೂರು ಬೇಡಿಕೆಗಳನ್ನು ಮುಂದಿಡಲಿದ್ದೇವೆ. ಒಂದು, ಆ ಷರತ್ತನ್ನು ನಡಾವಳಿಯಿಂದ ತೆಗೆದುಹಾಕಬೇಕು. ಎರಡು, ಹಾಡು ಮುದ್ರಿಸಿ ತರಲು ತೆಗೆದಿರಿಸಿದ ಹಣವನ್ನು ಹಾರ್ಮೋನಿಯಂ ಹಾಗೂ ತಬಲಾ ನುಡಿಸುವವರ ಸಂಭಾವನೆಗೆ ಕೊಡಬೇಕು. ಮೂರು, ನಾಟಕ ಮುಗಿದ ಮೇಲೂ ರವಿವಾರದ ಕೋಣೆಯನ್ನು ರಂಗಗೀತೆ ಕಲಿಸಲು ಬಿಡಬೇಕು. ಕೋಣೆಯಲ್ಲಿ ಇಸ್ಪೀಟು ಆಡುವ ಮಿತ್ರರಿಗೆ ಇದರಿಂದ ತೊಂದರೆಯಾದರೆ ಅವರು ಹಾಡು ಕೇಳುತ್ತಲೇ ಆಡಬಹುದು, ನಮ್ಮ ಅಭ್ಯಂತರವಿಲ್ಲ.

ನಮ್ಮ ಕಡೆಯಿಂದಲೂ ಒಂದು ಮಾತು ಕೊಡುತ್ತೇವೆ. 1984ರ ಯುವ ವಿಭಾಗದವರು ನಾವು ಐದು ಮಂದಿ ಇನ್ನೂ ಈ ಊರಿನಲ್ಲಿದ್ದೇವೆ. ದನಿ ಒಡೆದಿದೆ, ಉಸಿರು ಗಿಡ್ಡವಾಗಿದೆ. ಆದರೂ ಮೇಳದ ಹಾಡಿಗೆ ಪರದೆಯ ಹಿಂದೆ ನಿಂತು ದನಿ ಕೂಡಿಸಲು ಮಕ್ಕಳಲ್ಲಿ ಅಪ್ಪಣೆ ಕೇಳಿದ್ದೇವೆ. ಅವರು ಒಪ್ಪಿದ್ದಾರೆ, ರವಿವಾರ ಸರಿಯಾಗಿ ಹತ್ತು ಗಂಟೆಗೆ ತಾಲೀಮಿಗೆ ಬರಬೇಕೆಂದು ಅವರದೂ ಒಂದು ಷರತ್ತು. ಆ ಷರತ್ತನ್ನು ಪಾಲಿಸುತ್ತೇವೆ.

ಸದಸ್ಯ ಬಂಧುಗಳು ಸಭೆಗೆ ತಪ್ಪದೆ ಬರಬೇಕು, ಕೈ ಎತ್ತಬೇಕು. ಅದಕ್ಕೂ ಮೊದಲು ಒಂದು ರವಿವಾರ ತಾಲೀಮಿನ ಕೋಣೆಯ ಬಾಗಿಲಲ್ಲಿ ಐದು ನಿಮಿಷ ನಿಂತು ಕೇಳಬೇಕು.