ಪೆನ್ನಿ ಮಾರ್ಷಲ್ ಕಲಿತ ಶಾಲೆ

ಹಾಸ್ಯ ಧಾರಾವಾಹಿಯ ನಟರು ಸಿನಿಮಾ ನಿರ್ದೇಶಿಸಿ ಗೆದ್ದಾಗ ಅದನ್ನು ಅದೃಷ್ಟವೆಂದೋ ಆಕಸ್ಮಿಕವೆಂದೋ ಹೇಳಿಬಿಡುವುದು ರೂಢಿ. ಅಮೆರಿಕದ ಪೆನ್ನಿ ಮಾರ್ಷಲ್ ಅವರ ವೃತ್ತಿಜೀವನವನ್ನು ನೋಡಿದರೆ ಈ ಮಾತು ಎಷ್ಟು ಪೊಳ್ಳೆಂಬುದು ತಿಳಿಯುತ್ತದೆ. 1976ರಿಂದ 1983ರವರೆಗೆ ‘ಲವರ್ನ್ ಅಂಡ್ ಶರ್ಲಿ’ಯಲ್ಲಿ ಬಿಯರ್ ಕಾರ್ಖಾನೆಯ ಕೆಲಸಗಾರ್ತಿಯಾಗಿ ಜನರನ್ನು ನಗಿಸಿದ ಆಕೆ, 1988ರಲ್ಲಿ ‘ಬಿಗ್’ ಚಿತ್ರವನ್ನು ನಿರ್ದೇಶಿಸಿದರು. ಮಹಿಳೆಯೊಬ್ಬರು ನಿರ್ದೇಶಿಸಿದ ಚಿತ್ರ ಅಮೆರಿಕದಲ್ಲಿ 10 ಕೋಟಿ ಡಾಲರ್ ಗಳಿಕೆ ದಾಟಿದ್ದು ಅದೇ ಮೊದಲು. ಧಾರಾವಾಹಿಯ ಸೆಟ್ಟೇ ಆಕೆಗೆ ನಿರ್ದೇಶನ ಕಲಿಸಿತು ಎಂಬುದು ನನ್ನ ವಾದ.

ಆ ಕಾಲದ ಹಾಸ್ಯ ಧಾರಾವಾಹಿ ತಯಾರಾಗುತ್ತಿದ್ದ ಬಗೆಯನ್ನೇ ನೋಡಿ. ವಾರದ ಮೊದಲಿಗೆ ನಟರೆಲ್ಲ ಕೂತು ಸಂಭಾಷಣೆ ಓದುತ್ತಾರೆ, ನಗು ಹುಟ್ಟದ ಸಾಲುಗಳನ್ನು ಬರಹಗಾರರು ಮತ್ತೆ ಬರೆಯುತ್ತಾರೆ, ತಾಲೀಮು ನಡೆಯುತ್ತದೆ, ವಾರದ ಕೊನೆಗೆ ಪ್ರೇಕ್ಷಕರ ಎದುರೇ ಹಲವು ಕ್ಯಾಮೆರಾಗಳು ಒಟ್ಟಿಗೆ ಓಡುತ್ತವೆ. ಯಾವ ಮಾತು ನಾಟಿತು, ಯಾವುದು ಸತ್ತಿತು ಎಂಬುದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ವರ್ಷಗಟ್ಟಲೆ ಹೀಗೆ ದುಡಿದ ನಟಿಗೆ ದೃಶ್ಯದ ಉದ್ದ, ಮೌನದ ಅಳತೆ, ಎದುರಿನವರ ಆಟಕ್ಕೆ ಜಾಗ ಬಿಡುವುದು ಎಲ್ಲವೂ ಮೈಗೂಡದೆ ಇರಲಾರವು. ಅದೇ ಧಾರಾವಾಹಿಯ ನಾಲ್ಕು ಕಂತುಗಳನ್ನು ಮಾರ್ಷಲ್ ಸ್ವತಃ ನಿರ್ದೇಶಿಸಿಯೂ ಇದ್ದರು. ‘ಬಿಗ್’ನಲ್ಲಿ ಈ ಕಲಿಕೆ ಕಣ್ಣಿಗೆ ಕಾಣುತ್ತದೆ. ದೊಡ್ಡವನ ದೇಹ ಪಡೆದ ಹುಡುಗನಾಗಿ ಟಾಮ್ ಹ್ಯಾಂಕ್ಸ್ ನಟಿಸಬೇಕಿತ್ತು. ಆ ದೃಶ್ಯಗಳನ್ನು ಮೊದಲು ಬಾಲನಟ ಡೇವಿಡ್ ಮಾಸ್ಕೊನಿಂದ ಆಡಿಸಿ, ಚಿತ್ರೀಕರಿಸಿ, ಹ್ಯಾಂಕ್ಸ್ ಅದನ್ನು ನೋಡಿ ಹುಡುಗನ ನಡಿಗೆ, ಚಡಪಡಿಕೆಗಳನ್ನು ಕಲಿಯುವಂತೆ ಮಾಡಿದರು. ನಟನಿಗೆ ಏನು ಬೇಕೆಂದು ಒಳಗಿನಿಂದ ಬಲ್ಲವರಿಗಷ್ಟೇ ಹೊಳೆಯುವ ಉಪಾಯವಿದು. ಆಟಿಕೆ ಅಂಗಡಿಯ ನೆಲದ ಮೇಲಿನ ದೈತ್ಯ ಪಿಯಾನೊವನ್ನು ಹ್ಯಾಂಕ್ಸ್ ಮತ್ತು ರಾಬರ್ಟ್ ಲೋಜಿಯಾ ಕುಣಿದು ನುಡಿಸುವ ದೃಶ್ಯದಲ್ಲಿ ಇಬ್ಬರ ದೇಹವೂ ಅಡಿಯಿಂದ ಮುಡಿಯವರೆಗೆ ಕಾಣುತ್ತದೆ. ಕುಣಿಯುವ ಕಾಲನ್ನು ಕತ್ತರಿಸಿದರೆ ನಗುವೂ ಕತ್ತರಿಸಿಹೋಗುತ್ತದೆ ಎಂಬುದು ದೈಹಿಕ ಹಾಸ್ಯದಲ್ಲಿ ಪಳಗಿದವರಿಗೆ ಗೊತ್ತು.

ಅಣ್ಣ ಗ್ಯಾರಿ ಮಾರ್ಷಲ್ ಆ ಧಾರಾವಾಹಿಯ ರೂವಾರಿಗಳಲ್ಲಿ ಒಬ್ಬರಾಗಿದ್ದರು, ಹಾಗಾಗಿ ತಂಗಿಗೆ ದಾರಿ ಸಲೀಸಾಯಿತು ಎನ್ನುವವರಿದ್ದಾರೆ. ಮೊದಲ ಬಾಗಿಲು ಹಾಗೆಯೇ ತೆರೆಯಿತು, ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕ. ಆದರೆ ‘ಬಿಗ್’ ಅಣ್ಣನ ಚಿತ್ರವಲ್ಲ. ಇನ್ನೊಬ್ಬ ನಿರ್ದೇಶಕರು ಆರಂಭಿಸಿದ್ದ ‘ಜಂಪಿನ್ ಜ್ಯಾಕ್ ಫ್ಲ್ಯಾಶ್’ ಚಿತ್ರವನ್ನು 1986ರಲ್ಲಿ ಆಕೆ ಕೈಗೆತ್ತಿಕೊಂಡು ಮುಗಿಸಿದ್ದರು. ಯಾರೂ ಬಯಸಿ ಪಡೆಯುವ ಚೊಚ್ಚಲ ಅವಕಾಶವಲ್ಲ ಅದು. ಕಿರುತೆರೆಯವರಿಗೆ ನಗಿಸಲಷ್ಟೇ ಬರುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ 1990ರ ‘ಅವೇಕನಿಂಗ್ಸ್’ ಉತ್ತರ ಕೊಡುತ್ತದೆ. ನರವೈದ್ಯ ಆಲಿವರ್ ಸ್ಯಾಕ್ಸ್ ಅವರ ಕೃತಿಯನ್ನು ಆಧರಿಸಿ, ದಶಕಗಳ ಕಾಲ ನಿಶ್ಚೇಷ್ಟಿತರಾಗಿದ್ದ ರೋಗಿಗಳ ಕಥೆಯನ್ನು ಆಕೆ ಸಂಯಮದಿಂದ ಹೇಳಿದರು.

ಹೆಚ್ಚು ತೂಕದ ಆಕ್ಷೇಪವೆಂದರೆ ಆಕೆಯ ಕೊನೆಯ ಚಿತ್ರಗಳು ಮೊದಲಿನಷ್ಟು ಗಟ್ಟಿಯಲ್ಲ ಎಂಬುದು. ಒಪ್ಪುತ್ತೇನೆ. ಧಾರಾವಾಹಿ ನಟನೆಯ ನಾಡಿ ಹಿಡಿಯುವುದನ್ನು ಕಲಿಸುತ್ತದೆ, ಒಳ್ಳೆಯ ಚಿತ್ರಕಥೆಯನ್ನು ಅದು ತಂದುಕೊಡಲಾರದು. ಆದರೆ ಸಿನಿಮಾ ಶಾಲೆಯಲ್ಲಿ ಓದಿದ ನಿರ್ದೇಶಕರ ಸೋಲುಗಳಿಗೆ ಯಾರೂ ಅವರ ಶಾಲೆಯನ್ನು ದೂರುವುದಿಲ್ಲ. ಮಾರ್ಷಲ್ ವಿಷಯದಲ್ಲಿ ಮಾತ್ರ ಗೆಲುವಿಗೆ ಅದೃಷ್ಟ ಕಾರಣ, ಸೋಲಿಗೆ ಕಿರುತೆರೆ ಕಾರಣ ಎಂಬ ಲೆಕ್ಕ ಅನ್ಯಾಯದ್ದು. ಆಸ್ಕರ್ ಕೂಡ ಇದೇ ಕಣ್ಣಿನಿಂದ ನೋಡಿತೆಂದು ನನಗನ್ನಿಸುತ್ತದೆ: ‘ಅವೇಕನಿಂಗ್ಸ್’ಗೆ ಅತ್ಯುತ್ತಮ ಚಿತ್ರ, ನಟ ಮತ್ತು ಚಿತ್ರಕಥೆ ವಿಭಾಗಗಳಲ್ಲಿ ನಾಮನಿರ್ದೇಶನ ಸಿಕ್ಕಿತು, ಅದನ್ನು ನಿರ್ದೇಶಿಸಿದ ಮಾರ್ಷಲ್ ಅವರಿಗೆ ಆಗಲೂ ಸಿಗಲಿಲ್ಲ, 2018ರಲ್ಲಿ ತೀರಿಕೊಳ್ಳುವವರೆಗೂ ಸಿಗಲಿಲ್ಲ.